ಸವಿತಾಳ ಫೋಲ್ಡರ್‌ಗೆ ಕೈ ಹಾಕಿದವನು

"ನನ್ನ ಫೋಲ್ಡರ್‌ಗೆ ಯಾಕ ಕೈ ಹಾಕೀರಿ?"

ಸವಿತಾಳ ದನಿಗೆ ಕೌಸ್ತುಭ ಬೆಚ್ಚಿ ತಿರುಗಿದ. "ಕೆಲಸ ಮುಗೀಲ್ರಿ... ಹೇಳ್ತೇನಿ," ಎಂದವನೇ ಲ್ಯಾಪ್‌ಟಾಪ್ ಅರ್ಧ ಮುಚ್ಚಿದ.

ಮುಚ್ಚಿದ್ದು ಯಾಕೆ?!

ಸವಣೂರಿನ ವೀಳ್ಯದೆಲೆ ಬೆಳೆಗಾರರ ಸಂಘದಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು ಹತ್ತಿಮತ್ತೂರಿನ ಸವಿತಾ. ಯಾವ ತೋಟದವರು ಯಾವತ್ತು ಎಲೆ ಕೊಯ್ಯಬೇಕು, ಲಾರಿ ಎಷ್ಟೊತ್ತಿಗೆ ಬರುತ್ತದೆ ಎಂದು ಎಲ್ಲರ ಮೊಬೈಲಿಗೂ ತಿಳಿಸುವ ಪ್ರೋಗ್ರಾಂ ಅವಳೇ ಬರೆದದ್ದು. ಹೊಸ ಸರ್ವರ್ ಸಿದ್ಧಪಡಿಸಲು ಶಿಗ್ಗಾಂವಿಯಿಂದ ಬರುತ್ತಿದ್ದ ಈ ಕೌಸ್ತುಭ ದಿನಾ ಅದನ್ನೇ ತೆರೆದು ನೋಡುತ್ತಿದ್ದ.

'ನಂದು ಅಳಿಸಿ ತನ್ನ ಪ್ರೋಗ್ರಾಂ ಹಾಕ್ತಾನ... ಇಷ್ಟು ಸಂಭಾವಿತರಂಗ ನಗೋರನ್ನ ನಂಬಬಾರದು!'

ಅವನು ಊಟಕ್ಕೆ ಹೋದದ್ದೇ ತಡ, ಸರ್ವರಿನಲ್ಲಿ ಅವನ ಲಾಗಿನ್ ಬಂದ್ ಮಾಡಿಬಿಟ್ಟಳು.

ಸರ್ವರ್ ಸಿದ್ಧಪಡಿಸಲು ಅವನು ಚಾಲೂ ಇಟ್ಟುಹೋಗಿದ್ದ ಸ್ಕ್ರಿಪ್ಟ್ ಅರ್ಧಕ್ಕೇ ನಿಂತಿತು. ಜೊತೆಗೆ, ಅದು ಹೊಸ ಸರ್ವರಿಗೆ ಸಾಗಿಸುತ್ತಿದ್ದ ಅವಳ ಪ್ರೋಗ್ರಾಮೂ!

ಸ್ವಲ್ಪ ಹೊತ್ತಿಗೆ ತೋಟದ ಹುಚ್ಚಪ್ಪನ ಫೋನು. "ಯವ್ವಾ ಸವಿತಾ, ಮೆಸೇಜ ಬಂದಿಲ್ಲ. ಎಲಿ ಕೊಯ್ಯೂನೋ ಬ್ಯಾಡೋ?"

ಪ್ರೋಗ್ರಾಂ ಮತ್ತೆ ಚಾಲೂ ಮಾಡಲು ನೋಡಿದಳು, ಆಗಲಿಲ್ಲ. ಬೇರೆ ದಾರಿಯಿರಲಿಲ್ಲ... ಕೌಸ್ತುಭನಿಗೇ ಫೋನ್ ಮಾಡಿದಳು.

ಊಟ ಬಿಟ್ಟು ಓಡಿಬಂದ. ಅವಳು ಲಾಗಿನ್ ತೆರೆದುಕೊಟ್ಟಳು. ಅವನು ಸ್ಕ್ರಿಪ್ಟನ್ನು ಮತ್ತೆ ಚಾಲೂ ಮಾಡಿದ.

ಪರದೆಯ ಮೇಲೆ ಒಂದೊಂದು ಪ್ರೋಗ್ರಾಮಿಗೂ ಬೇರೆ ಬೇರೆ ಜಾಗ ತಾನಾಗಿಯೇ ಸಿದ್ಧವಾಗತೊಡಗಿತು, ಒಂದರ ಸಾಮಾನು ಇನ್ನೊಂದಕ್ಕೆ ತಾಗದ ಹಾಗೆ. ಎಲ್ಲಕ್ಕಿಂತ ಮೊದಲು ಸವಿತಾಳ ಪ್ರೋಗ್ರಾಂ. ಅದಕ್ಕೆ ಬೇಕಾದ ಪೈಥಾನ್ ಭಾಷೆಯ ಹಳೆಯ ಆವೃತ್ತಿ ಸಮೇತ!

"ಇದು..."

"ಹೊಸಾ ಪೈಥಾನಿನಾಗ ನಿಮ್ಮ ಪ್ರೋಗ್ರಾಂ ನಡೀಯಂಗಿಲ್ರಿ. ಅಳಿಸಿಬಿಡ್ರಿ ಅಂದ್ರು ಅಧ್ಯಕ್ಷರು. ನನಗ ಮನಸ್ಸಾಗಲಿಲ್ಲ. ಅದಕ್ಕಂತನ ಈ ಬ್ಯಾರೆ ಜಾಗಾ ಕಟ್ಟೀನಿ. ನಡೀತದ ಅಂತ ಖಾತ್ರಿ ಆದಮ್ಯಾಲೆ ಹೇಳಬೇಕಂತಿದ್ದೆ. ಮೊದಲ ಹೇಳಿ ನಿಮಗ ನೋವು ಮಾಡೂದು ಬ್ಯಾಡಾಗಿತ್ತು..."

"ಲಾಗಿನ್ ಬಂದ್ ಮಾಡಿದಾಕಿ ನಾನ ರೀ..."

"ಗೊತ್ತದರಿ."

"ಗೊತ್ತಿದ್ದೂ ಸುಮ್ನಿದ್ರಿ?"

"ನಿಮ್ಮ ಜಾಗಾದಾಗ ನಾ ಇದ್ರೂ ಅದನ್ನ ಮಾಡ್ತಿದ್ದೆ."

ಅಷ್ಟರಲ್ಲಿ ಮತ್ತೆ ಹುಚ್ಚಪ್ಪ. "ಬಂತವ್ವಾ ಮೆಸೇಜ!"

ಸವಿತಾ ಕಣ್ಣೊರೆಸಿಕೊಂಡಳು. ಆದರೂ ಅವನನ್ನು ಓರೆಗಣ್ಣಲ್ಲೇ ನೋಡಿದಳು.

"ಒಂದು ಸಂಶಯ ಇನ್ನೂ ಐತ್ರಿ. ನಾಕು ದಿನದ ಕೆಲಸಕ್ಕ ಹನ್ನೆರಡು ದಿನ ಬಸ್ ಹತ್ತಿ ಬಂದೀರಲ್ಲ... ಯಾಕ?"

ಕೌಸ್ತುಭನ ಕಿವಿಗಳು ಕೆಂಪಾದವು.

"ಬೇಕಂತನ ಲಗೂ ಮುಗಿಸಲಿಲ್ರಿ... ಮುಗದ್ರ ನಿಮ್ಮನ್ನ ನೋಡೂದು ಹ್ಯಾಂಗ?"

ಅವಳ ಎದೆ ಒಮ್ಮೆಲೇ ಹಗುರಾಯಿತು.

"ಕೆಲಸ ಇವತ್ತ ಮುಗಿಸಿಬಿಡ್ರಿ," ಎಂದಳು ತಲೆ ತಗ್ಗಿಸಿ. "ಬರೂದು ಮಾತ್ರ ಬಿಡಬ್ಯಾಡ್ರಿ..."