ನಾಬ್ ನಡುವಿಗೆ ಬಂದಾಗ

"ಈ ಡಬ್ಬಿ ಮಾಡಿದವರು ಯಾರು? ಅವರ ಮುಖ ಒಂದ್ಸಲ ನೋಡ್ಬೇಕು!"

ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದವನ ಬೆನ್ನಿಗೆ ಬೇಸ್ ಗಿಟಾರ್ ಇತ್ತು, ಕೈಯಲ್ಲಿ ಒಳಗಿದ್ದವಳೇ ತಯಾರಿಸಿದ ಪೆಡಲ್, ಕಾಲಲ್ಲಿ ಒತ್ತಿದರೆ ಗಿಟಾರಿನ ಧ್ವನಿ ಬದಲಿಸುವ ಡಬ್ಬಿ. ಅವಳು ಬೆಸುಗೆ ಹಾಕುವ ಸಾಲ್ಡರಿಂಗ್ ಐರನ್ ಕೆಳಗಿಡದೆಯೇ ತಲೆ ಎತ್ತಿದಳು.

"ನೋಡಿದ್ರಲ್ಲ? ಇನ್ನು ಹೊರಡಬಹುದು."

"ಇದನ್ನ ಕಾಲಲ್ಲಿ ಒತ್ತಿದ ತಕ್ಷಣ ನನ್ನ ಬೇಸಿನ ಉಸಿರೇ ನಿಂತುಹೋಗುತ್ತೆ! ಕರಕರ ಅನ್ನುತ್ತೆ, ಎದೆಗೆ ಬಡಿಯಲ್ಲ."

"ಅದು ಮಾಮೂಲಿ ಗಿಟಾರಿಗೆ ಮಾಡಿದ್ದು ಸ್ವಾಮಿ, ಬೇಸಿಗಲ್ಲ. ಚಪ್ಪಲೀನ ತಲೆಗೆ ಹಾಕ್ಕೊಂಡು ಟೋಪಿ ಸರಿಯಿಲ್ಲ ಅಂದ್ರೆ ನಾನೇನು ಮಾಡ್ಲಿ?"

ಅವನು ನಗಲಿಲ್ಲ. ಸ್ಟೂಲ್ ಎಳೆದು ಕೂತೇಬಿಟ್ಟ.

"ಹಾಗಾದ್ರೆ ಬೇಸಿಗೇ ಅಂತ ಒಂದು ಮಾಡಿ. ಬರುತ್ತಾ?"

ಬರುತ್ತಾ ಅಂತೆ! ಅವಳ ಮೈಯೆಲ್ಲ ಉರಿಯಿತು. ಅವಳ ನಾಲಿಗೆಗೆ ಹೆದರಿ ಇಬ್ಬರು ಕೆಲಸದವರು ಓಡಿಹೋಗಿದ್ದರು, ಇವನು ಕಾಲ ಮೇಲೆ ಕಾಲು ಹಾಕಿ ಕೂತಿದ್ದಾನೆ! ಆದರೂ ಆ ಉರಿಯ ನಡುವೆಯೇ ಅವನ ಬೆರಳುಗಳ ಮೇಲೆ ಅವಳ ಕಣ್ಣು ಬಿತ್ತು. ಬೇಸಿನ ದಪ್ಪ ತಂತಿಗಳನ್ನು ಮೀಟಿ ಮೀಟಿ ತುದಿಗಳು ಗಟ್ಟಿಯಾಗಿದ್ದವು.

ಹಾಗೆ ಶುರುವಾಯಿತು. ಅವನು ಅವಳಿಗೆ 'ಡಬ್ಬಿರಾಣಿ' ಎಂದು ಹೆಸರಿಟ್ಟ, ಅವಳು ಅವನಿಗೆ 'ಗುಡುಗಪ್ಪ' ಎಂದಳು.

ಅವಳ ಲೆಕ್ಕಾಚಾರ ಸರಳವಾಗಿತ್ತು. ಬೇಸಿನ ಧ್ವನಿಯನ್ನು ಪೆಡಲ್ ಒಳಗೆ ಎರಡು ದಾರಿಯಾಗಿ ಒಡೆಯಬೇಕು. ಒಂದು ದಾರಿಯಲ್ಲಿ ಧ್ವನಿ ಇದ್ದ ಹಾಗೇ ಹೋಗಲಿ. ಇನ್ನೊಂದು ದಾರಿಯಲ್ಲಿ ಹಳೇ ರೇಡಿಯೋಗಳಲ್ಲಿರುವಂಥ ಗಾಜಿನ ವಾಲ್ವ್ ಅದನ್ನು ಕೆರಳಿಸಿ, ಗೊರಗುಟ್ಟಿಸಿ ಕಳಿಸಲಿ. ಕೊನೆಯಲ್ಲಿ ಒಂದು ನಾಬ್: ಎಡಕ್ಕೆ ತಿರುಗಿಸಿದರೆ ಶುದ್ಧ, ಬಲಕ್ಕೆ ತಿರುಗಿಸಿದರೆ ಗೊರಗು, ನಡುವೆ ಎರಡೂ.

"ನನಗೆ ಯಾವಾಗಲೂ ನಡುವೇ ಬೇಕು," ಎಂದಿದ್ದ ಅವನು.

ವಾಲ್ವ್ ಬಿಸಿಯಾಗಿ ಕಾಯುವ ತನಕ ಇಬ್ಬರೂ ಸುಮ್ಮನೆ ಕೂರುತ್ತಿದ್ದರು. ಅಂಥ ಒಂದು ಹೊತ್ತಿನಲ್ಲೇ ಅವನು ಹೇಳಿದ್ದು.

"ನಮ್ಮಪ್ಪ ತಬಲಾ ನುಡಿಸ್ತಿದ್ರು. ನನ್ನ ವಯಸ್ಸಲ್ಲೇ ಅವರಿಗೆ ಕಿವಿ ಹೋಯ್ತು. ಮೊದಲು ಹೋಗಿದ್ದು ಕೆಳಗಿನ ಧ್ವನಿ, ಗುಡುಗಿನಂಥದ್ದು... ಕೊನೆಕೊನೆಗೆ ಅಮ್ಮ ಕೂಗಿದ್ದೂ ಕೇಳ್ತಿರಲಿಲ್ಲ." ಸ್ವಲ್ಪ ತಡೆದು, "ಇದನ್ನ ಯಾರ ಹತ್ರಾನೂ ಹೇಳಿಲ್ಲ ಕಣೇ," ಎಂದ.

ಅವಳಿಗೆ ಅವನ ಕೈ ಹಿಡಿಯಬೇಕೆನಿಸಿತು. ಹಿಡಿಯಲಿಲ್ಲ. ಸ್ಕ್ರೂಡ್ರೈವರ್ ಹಿಡಿದಳು.

'ನಾಳೆ ಹೇಳ್ತೀನಿ... ಪೆಡಲ್ ಮುಗೀಲಿ, ಆಮೇಲೆ ಎಲ್ಲಾ ಹೇಳ್ತೀನಿ.'

ಪೆಡಲ್ ಮುಗಿಯುವ ಹೊತ್ತಿಗೆ ಅವನದೊಂದು ತಕರಾರು. ಸ್ವರದ ಹಿಂದೆ ಸಣ್ಣಗೆ ಹಿಸ್ ಎನ್ನುವ ಸದ್ದು ಇದೆಯಂತೆ. ಪೆಡಲಿನಲ್ಲಿ ಅವನು ಬದಲಿಸಲು ಕೇಳಿದ್ದು ಅದೊಂದೇ. ಧ್ವನಿ ವಾಲ್ವಿನಲ್ಲಿ ಎರಡು ಹಂತ ದಾಟಿ ಕೆರಳುತ್ತಿತ್ತು, ಅವಳು ಅಂದೇ ಅದರಲ್ಲಿ ಒಂದನ್ನು ಕಿತ್ತುಹಾಕಿದಳು. ಹಿಸ್ ಹೋಯಿತು. ಅವನಿಗಾಗಿ ಪ್ರೀತಿಯಿಂದ ಮಾಡಿದ ಆ ಕೆಲಸವೇ ಮುಳುವಾಗುತ್ತದೆಂದು ಅವಳಿಗೇನು ಗೊತ್ತು!

ಮರುದಿನ ವಾದ್ಯದಂಗಡಿಯ ಯಜಮಾನರು ಪೆಡಲ್ ನೋಡಲು ಬಂದರು. ಅವರು ಒಪ್ಪಿದರೆ ಅವಳ ಡಬ್ಬಿ ಊರೂರಿನ ಅಂಗಡಿಗಳಿಗೆ ಹೋಗುತ್ತಿತ್ತು. ಅವನು ನಾಬನ್ನು ನಡುವಿಗಿಟ್ಟು ನುಡಿಸಿದ. ಎರಡೇ ಸ್ವರ. ಕೈ ನಿಂತಿತು.

"ಕೆಳಗಿನ ಧ್ವನಿ ಎಲ್ಲಿ?"

"ಏನು?"

"ಗುಡುಗೇ ಇಲ್ಲ ಇದರಲ್ಲಿ. ಬರೀ ಕರಕರ."

"ನನಗೆ ಚೆನ್ನಾಗೇ ಕೇಳಿಸ್ತಪ್ಪ," ಎಂದರು ಯಜಮಾನರು.

ಅವಳ ಕೆನ್ನೆ ಬಿಸಿಯಾಯಿತು. ಧ್ವನಿಯ ಅಲೆ ತೋರಿಸುವ ಪರದೆಗೆ ಮೊದಲು ಶುದ್ಧ ದಾರಿಯನ್ನು ಜೋಡಿಸಿದಳು. ಸರಿಯಾಗಿತ್ತು. ಆಮೇಲೆ ವಾಲ್ವಿನ ದಾರಿ. ಅದೂ ಸರಿ. ಅವಳು ಕಣ್ಣಿಟ್ಟು ನೋಡಿದಳು, ಕಿವಿಗೊಟ್ಟು ಕೇಳಲೇ ಇಲ್ಲ.

"ಎರಡೂ ಸರಿ ಇದಾವೆ!"

"ಸೇರಿಸಿ ಕೇಳು ಒಂದ್ಸಲ... ದಯವಿಟ್ಟು."

ಯಜಮಾನರು ಗಡಿಯಾರ ನೋಡಿಕೊಂಡರು. ಅಷ್ಟೇ ಸಾಕಾಯಿತು ಅವಳಿಗೆ.

"ಕೆಟ್ಟಿರೋದು ನನ್ನ ಡಬ್ಬಿ ಅಲ್ಲ, ನಿನ್ನ ಕಿವಿ! ನಿಮ್ಮಪ್ಪನಿಗೆ ಆದದ್ದು ನಿನಗೂ ಶುರುವಾಗಿದೆ. ಹೋಗಿ ತೋರಿಸ್ಕೋ!"

ಅವನ ಮುಖದಲ್ಲಿ ರಕ್ತವೇ ಉಳಿಯಲಿಲ್ಲ. ಬೇಸನ್ನು ಚೀಲಕ್ಕೆ ಹಾಕಿಕೊಂಡ. ಜಿಪ್ ಎಳೆದ. ಹೊರಟುಹೋದ.

ಯಜಮಾನರು ಪೆಡಲ್ ಒಪ್ಪಿದರು. ಅವಳು ಗೆದ್ದಳು! ಗೆದ್ದವಳಿಗೆ ಆ ದಿನ ಊಟ ಸೇರಲಿಲ್ಲ.

ಕೆಲವು ವಾರಗಳ ಮೇಲೆ ಯಜಮಾನರು ಮತ್ತೆ ಬಂದರು, ಮಾತಿನ ನಡುವೆ ನಕ್ಕರು.

"ನಿಮ್ಮ ಗುಡುಗಪ್ಪ ಬೇಸನ್ನ ನಮ್ಮಂಗಡೀಗೇ ಮಾರಿಬಿಟ್ಟ. ಕಿವಿ ಹೋಯ್ತಂತೆ, ಪಾಪ. ಈಗ ಅಕ್ಕನ ಗಂಡನ ಟೈಲ್ಸ್ ಅಂಗಡೀಲಿ ಮೂಟೆ ಹೊರ್ತಾನೆ."

"ಬೇಸ್... ಇದೆಯಾ ಇನ್ನೂ?"

"ಅದು ಅವತ್ತೇ ಹೋಯ್ತು. ಕೊಂಡವರು ಯಾರೋ ಏನೋ."

ಅವರು ಹೋದ ಮೇಲೆ ಅವಳು ಕೂತಲ್ಲೇ ಕೂತಳು. ಪರೀಕ್ಷೆಗೆಂದು ಅವನು ನುಡಿಸಿಟ್ಟಿದ್ದ ಧ್ವನಿ ಕಂಪ್ಯೂಟರಿನಲ್ಲಿತ್ತು. ಅವನ ಬೆರಳುಗಳ ಸದ್ದನ್ನಾದರೂ ಕೇಳೋಣವೆಂದು ಅದನ್ನು ಪೆಡಲಿಗೆ ಹರಿಸಿದಳು. ನಾಬನ್ನು ಅವನು ಇಡುತ್ತಿದ್ದಲ್ಲಿಗೇ, ನಡುವಿಗೇ, ತಿರುಗಿಸಿದಳು.

ಗುಡುಗು ಮಾಯವಾಯಿತು.

ಎಡಕ್ಕೆ ತಿರುಗಿಸಿದಳು, ಇತ್ತು. ಬಲಕ್ಕೆ ತಿರುಗಿಸಿದಳು, ಇತ್ತು. ನಡುವೆ... ಇಲ್ಲ!

ಈ ಸಲ ಎರಡೂ ದಾರಿಗಳನ್ನು ಒಟ್ಟಿಗೇ ಪರದೆಗೆ ಹಾಕಿದಳು. ಒಂದು ಅಲೆ ಏಳುವಾಗ ಇನ್ನೊಂದು ಬೀಳುತ್ತಿತ್ತು. ವಾಲ್ವಿನ ಪ್ರತಿ ಹಂತವೂ ಅಲೆಯನ್ನು ತಲೆಕೆಳಗು ಮಾಡುತ್ತದೆ. ಎರಡು ಹಂತವಿದ್ದಾಗ ಅದು ತಿರುಗಿ ನೆಟ್ಟಗಾಗುತ್ತಿತ್ತು. ಒಂದನ್ನು ಅವಳೇ ಕಿತ್ತಿದ್ದಳು. ಈಗ ಎರಡು ದಾರಿಗಳೂ ಸೇರಿದ ಕೂಡಲೇ ಒಂದರ ಗುಡುಗನ್ನು ಇನ್ನೊಂದು ನುಂಗುತ್ತಿತ್ತು.

ಅವನ ಕಿವಿಗೆ ಏನೂ ಆಗಿರಲಿಲ್ಲ. ಅಲ್ಲಿದ್ದ ಮೂವರಲ್ಲಿ ನೆಟ್ಟಗೆ ಕೇಳಿಸಿಕೊಂಡವನು ಅವನೊಬ್ಬನೇ.

'ಅಯ್ಯೋ... ನಾನೇನು ಮಾಡ್ಬಿಟ್ಟೆ!'

ಯಜಮಾನರಿಗೆ ಫೋನ್ ಮಾಡಿ ಡಬ್ಬಿಗಳನ್ನೆಲ್ಲ ವಾಪಸು ಕಳಿಸಲು ಹೇಳಿದಳು. ಕಿತ್ತ ಹಂತವನ್ನು ಮರಳಿ ಕೂರಿಸಿದಳು. ಬೆರಳು ಸುಟ್ಟುಕೊಂಡದ್ದೂ ಗೊತ್ತಾಗಲಿಲ್ಲ.

ಅವಳು ಪೆಡಲ್ ಹಿಡಿದು ಟೈಲ್ಸ್ ಅಂಗಡಿಗೆ ಹೋದಾಗ ಅವನು ಬೆನ್ನು ಬಗ್ಗಿಸಿ ಪೆಟ್ಟಿಗೆ ಎತ್ತುತ್ತಿದ್ದ. ಭಾವ ಒಂದು ಟೈಲ್ ಚಾಚಿದ.

"ತಟ್ಟಿ ನೋಡೋ, ಬಿರುಕು ಬಿಟ್ಟಿದೆಯಾ ಅಂತ."

"ನೀವೇ ನೋಡಿ ಭಾವ. ನನ್ನ ಕಿವಿ ನಂಬಬೇಡಿ."

ಅವಳು ಹತ್ತಿರ ಹೋಗಿ ಮೆಲ್ಲಗೆ ಹೇಳಿದಳು, "ತಪ್ಪು ನನ್ನದು..."

ಅವನು ನೋಡಿದ. ಕಣ್ಣಲ್ಲಿ ಹನಿಯಷ್ಟೂ ಕರುಣೆ ಇರಲಿಲ್ಲ.

"ಜೋರಾಗಿ ಹೇಳಿ ಮೇಡಂ. ನನಗೆ ಕಿವಿ ಕೇಳಲ್ವಲ್ಲ."

"ತಪ್ಪು ನನ್ನದು!"

"ಇನ್ನೂ ಜೋರಾಗಿ. ಅವತ್ತು ಹೇಳಿದ್ರಲ್ಲ, ಅಷ್ಟು."

ಗಿರಾಕಿಗಳು ತಿರುಗಿ ನೋಡಿದರು. ಅವಳು ಕಿರುಚಿದಳು.

"ನಿನ್ನ ಕಿವಿ ಕೆಟ್ಟಿಲ್ಲ! ಕೆಟ್ಟಿದ್ದು ನನ್ನ ಡಬ್ಬಿ! ನನ್ನ ನಾಲಿಗೆ! ನೀನು ನಂಬಿ ಹೇಳಿದ್ದನ್ನೇ ತೆಗೆದು ನಿನಗೆ ಹೊಡೆದೆ!"

"ದಿನಾ ರಾತ್ರಿ ಎದ್ದು ಕೂರ್ತಿದ್ದೆ, ಗೊತ್ತಾ?" ಎಂದ ಅವನು. "ಗಡಿಯಾರದ ಟಿಕ್ ಟಿಕ್ ಇನ್ನೂ ಕೇಳ್ತಿದೆಯಾ ಅಂತ. ಡಾಕ್ಟರ ಹತ್ರ ಹೋಗೋಕೂ ಭಯ... ಹೌದು ಅಂದ್ಬಿಟ್ರೆ? ಕೆನ್ನೆಗೆ ಹೊಡೆದಿದ್ರೆ ಮರೀತಿದ್ದೆ ಕಣೇ."

ಅವನು ಪೆಟ್ಟಿಗೆ ಹೊತ್ತು ಟೈಲ್ಸ್ ರಾಶಿಯ ಹಿಂದೆ ಮರೆಯಾದ.

ಅವಳು ಪೆಡಲನ್ನು ಕೌಂಟರಿನ ಮೇಲಿಟ್ಟು ತಿರುಗಿದಳು. ಬಾಗಿಲ ಹತ್ತಿರ ಹೋದಾಗ, ಇಷ್ಟು ದಿನ ನಾಳೆ ನಾಳೆ ಎಂದು ಮುಂದೂಡಿದ್ದ ಮಾತು ತಾನಾಗಿ ತುಟಿಯಿಂದ ಜಾರಿತು. ಪಕ್ಕದಲ್ಲಿದ್ದ ಭಾವನಿಗೂ ಕೇಳಿಸದಷ್ಟು ಸಣ್ಣಗೆ.

"ನೀನಂದ್ರೆ ಪ್ರಾಣ ಕಣೋ..."

ರಾಶಿಯ ಹಿಂದೆ ಪೆಟ್ಟಿಗೆ ದೊಪ್ಪನೆ ಬಿತ್ತು.

"ಕೇಳಿಸ್ತು."

ಅವಳು ನಿಂತಳು. ತಿರುಗಲು ಧೈರ್ಯವಿರಲಿಲ್ಲ.

ಅವನು ಹೊರಗೆ ಬಂದ. ಭಾವನ ಕೈಯಿಂದ ಆ ಟೈಲನ್ನು ತೆಗೆದುಕೊಂಡು, ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟಿದ. ಕಣ್ಣು ತುಂಬಿಬಂತು.

"ಬಿರುಕು ಬಿಟ್ಟಿದೆ ಭಾವ. ಯಾರಿಗೂ ಕೊಡಬೇಡಿ."

ಆಮೇಲೆ ಅವಳತ್ತ ನೋಡಿದ.

"ಬೇಸ್ ಮಾರಿಬಿಟ್ಟೆ. ಅಪ್ಪ ಕೊಡಿಸಿದ್ದು."

"ಗೊತ್ತು... ಅದನ್ನ ನಾನು ವಾಪಸು ತರೋಕಾಗಲ್ಲ."

"ಆಗಲ್ಲ. ಸಿಟ್ಟೂ ಇವತ್ತೇ ಹೋಗಲ್ಲ."

"ಕಾಯ್ತೀನಿ. ವಾಲ್ವ್ ಕಾಯೋವರೆಗೂ ಕೂತು ಅಭ್ಯಾಸ ಇದೆ."

ಅವನು ಪೆಡಲನ್ನು ಎತ್ತಿಕೊಂಡು, ಅಂಗಿಯ ತುದಿಯಿಂದ ಧೂಳು ಒರೆಸಿದ.

"ನಾಬ್ ಎಲ್ಲಿಟ್ಟಿದ್ದೀಯ?"

"ನಡುವೆ."

ಅವಳ ಸುಟ್ಟ ಬೆರಳು ಅವನ ಕಣ್ಣಿಗೆ ಬಿತ್ತು. ಮೆಲ್ಲಗೆ ಹಿಡಿದುಕೊಂಡ.

"ಅಲ್ಲೇ ಇರ್ಲಿ ಬಿಡು, ಡಬ್ಬಿರಾಣಿ."