ಶೆಟ್ಟಿಕೊಪ್ಪದ ಕೋವಿಯ ತುಕ್ಕು

"ಅದರ ತುಕ್ಕು ಬಿಡಿಸ್ಬೇಡ ಮಾರಾಯ. ಹಾಗೇ ಬೇಕಾದ್ರೆ ಗುಜರಿಗೆ ಹಾಕು," ಎಂದರು ನೀಲಾಂಬಿಕೆ.

ನೌಶಾದನಿಗೆ ನಗು ತಡೆಯಲಾಗಲಿಲ್ಲ. ಮೈಸೂರಿನಲ್ಲಿ ಕೋವಿ ರಿಪೇರಿ ಕಲಿತವನು, ಸಬೀಹಾಳನ್ನು ಮದುವೆಯಾಗಿ ಅವಳ ಊರು ಕೊಪ್ಪಕ್ಕೇ ಬಂದು ಅಂಗಡಿ ಇಟ್ಟಿದ್ದ. ತುಕ್ಕು ಬಿಡಿಸಬೇಡ ಎನ್ನುವ ಗಿರಾಕಿಯನ್ನು ಈವರೆಗೆ ಕಂಡಿರಲಿಲ್ಲ. ಅವನನ್ನು ಶೆಟ್ಟಿಕೊಪ್ಪದ ಮನೆಗೆ ಕರೆಸಿದ್ದು ನೀಲಾಂಬಿಕೆಯ ತಮ್ಮ ವೃಷಭೇಂದ್ರಪ್ಪ. ತಂದೆಯ ಕಾಲದ ವಿಲಾಯತಿ ಬೇಟೆ ರೈಫಲ್ಲನ್ನು ಮಾರಬೇಕಿತ್ತು. ಬೆಲೆ ಕಟ್ಟು, ಸರಿಮಾಡಿಕೊಡು ಎಂದಿದ್ದರು.

ಟ್ರಿಗರಿನ ಕೆಳಗೆ ಬಳೆಯಂಥ ಲಿವರ್ ಇರುವ ಜಾತಿ ಅದು. ಲಿವರನ್ನು ಕೆಳಗೆ ದಬ್ಬಿ ಮೇಲಕ್ಕೆಳೆದರೆ ಹೊಸ ತೋಟಾ ತಾನೇ ಏರಿ ಕೂರುತ್ತದೆ. ಆದರೆ ಇದರ ಲಿವರ್ ಕದಲುತ್ತಿರಲಿಲ್ಲ. ನಳಿಗೆಯ ಮೇಲೆ ತುಕ್ಕು ಹುರುಕಿನಂತೆ ಎದ್ದಿತ್ತು. ಏಳದೆ ಏನು ಮಾಡೀತು? ಆ ಮನೆಯಲ್ಲಿ ಆಯುಧಪೂಜೆಯ ದಿನ ಜೀಪಿಗೆ, ಕತ್ತಿಗೆ, ಕೊನೆಗೆ ಮಿಕ್ಸಿಗೂ ಕುಂಕುಮ ಬೀಳುತ್ತಿತ್ತು. ಈ ಕೋವಿಗೆ ಮಾತ್ರ ಒಂದು ಚೆಂಬು ಉಪ್ಪುನೀರು. ನೀಲಾಂಬಿಕೆ ತಾವೇ ನಿಂತು ಹೊಯ್ಯುತ್ತಿದ್ದರು.

"ನಮ್ಮಪ್ಪ ನೆಮ್ಮಾರ್ ಕಾಡಲ್ಲಿ ಹಂದಿ ಅಂತ ಈಡು ಹೊಡ್ದ," ಎಂದು ಆಕೆ ದನಿ ತಗ್ಗಿಸಿದರು. "ಬಿದ್ದದ್ದು ಪ್ರಾಣಿ ಎಬ್ಬಿಸಕ್ಕೆ ಹೋಗಿದ್ದ ಬೂತಪ್ಪ. ಅವನ ಹೆಂಡ್ತಿ ಈ ಕೋವಿ ತಬ್ಕೊಂಡು ಅತ್ಲು. ಆಮೇಲೆ ಮಾಟ ಕಟ್ಟಿಸಿದ್ಲು. ಅವಳ ಕಣ್ಣೀರು ಈ ಕಬ್ಬಿಣದ ಮೇಲೆ ತುಕ್ಕಾಗಿ ಕೂತಿರ್ಬೇಕು. ಯಾರು ಒರೆಸ್ತಾರೋ ಅವರ ಮನೆಯವಳಿಗೆ ಅದು ಹತ್ಬೇಕು ಅಂತ."

"ಹತ್ಲಿ ಬಿಡಿ ಅಮ್ಮಾ," ಎಂದ ನೌಶಾದ್. "ನಮ್ಮ ಮನೆಯವಳಿಗೆ ಬಾಯಿ ಸ್ವಲ್ಪ ಜಾಸ್ತಿನೇ ಆಗಿದೆ."

ವೃಷಭೇಂದ್ರಪ್ಪ ಗಹಗಹಿಸಿ ನಕ್ಕರು. ನೀಲಾಂಬಿಕೆ ಎದ್ದು ಒಳಗೆ ಹೋದರು.

ಲೈಸೆನ್ಸಿನ ಕಾಗದಗಳೆಲ್ಲ ಸರಿಯಾದ ಮೇಲೆ ಕೋವಿ ಕೊಪ್ಪಕ್ಕೆ ಬಂತು. ಮನೆಯ ಹಿಂದಿನ ಕೋಣೆಯೇ ನೌಶಾದನ ಕಾರ್ಖಾನೆ. ಕಿಟಕಿಯಿಲ್ಲದ, ಸೀಮೆಎಣ್ಣೆ ಮತ್ತು ಹಳೇ ಕಬ್ಬಿಣದ ವಾಸನೆ ಹೆಪ್ಪುಗಟ್ಟಿದ ಕತ್ತಲು. ಮುಂದಿನ ಕೋಣೆಯಲ್ಲಿ ಸಬೀಹಾಳ ಹೊಲಿಗೆ ಮಷೀನು. ಅದು ಗೋಡೆಯಾಚೆ ಗಿರಗುಟ್ಟುತ್ತಿದ್ದರೆ ಮನೆಯೇ ಉಸಿರಾಡಿದಂತೆ.

"ಕೋವಿಗೆ ಎಣ್ಣೆ ತಿಕ್ಕಿದಷ್ಟು ಹೆಂಡ್ತಿ ತಲೆಗೆ ತಿಕ್ಕಿದ್ರೆ ಪುಣ್ಯ ಬರ್ತಿತ್ತು," ಎಂದು ಅವಳು ಅಲ್ಲಿಂದಲೇ ಕೂಗಿದಳು.

"ಕೋವಿ ತಿರುಗಿ ಮಾತಾಡಲ್ಲ ಕಣೇ!"

"ಮಾತಾಡಲ್ಲ, ಹೊಡಿಯುತ್ತೆ ಅಷ್ಟೆ!"

ಸೀಮೆಎಣ್ಣೆಯಲ್ಲಿ ನೆನೆದಿದ್ದ ಲಿವರನ್ನು ಅವನು ಮೆಲ್ಲಗೆ ಅಲುಗಿಸಿದ. ಕಿರ್ರೆಂದಿತು. ಇನ್ನೊಮ್ಮೆ ದಬ್ಬಿದ. ಖಟಕ್! ಬೆಣ್ಣೆಯಲ್ಲಿ ಚಾಕು ಇಳಿದಂತೆ ತೆರೆದುಕೊಂಡಿತು.

ಗೋಡೆಯಾಚೆ ಮಷೀನು ನಿಂತಿತು.

ಸಬೀಹಾಳ ಬಲಗೈ ಮೊಣಕೈಯಲ್ಲಿ ಮಡಿಚಿದ್ದು ಮತ್ತೆ ಬಿಚ್ಚಲಿಲ್ಲ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನರ ಇರಬೇಕು ಎಂದರು. ನರ ಎಂದಮೇಲೆ ಯಾರೂ ಎದುರಾಡುವಂತಿಲ್ಲ. ನೌಶಾದ್ ಅವಳಿಗೆ ಬಿಸಿಎಣ್ಣೆ ಹಚ್ಚಿದ. ಊಟವನ್ನೂ ತುತ್ತು ಮಾಡಿ ಕೊಟ್ಟ. ಅವಳ ತಂಗಿ ಇಶ್ರತ್ ಮನೆಗೆಲಸಕ್ಕೆ ಬಂದು ನಿಂತಳು. ಅವನು ಮತ್ತೆ ಕೋವಿಯ ಮುಂದೆ ಕೂತ. ಒಪ್ಪಿಕೊಂಡ ಕೆಲಸ ತಾನೇ.

ನಳಿಗೆಯೊಳಗೆ ಬ್ರಶ್ ತೂರಿಸಿ ಎಳೆದ. ಎಳೆದಂತೆಲ್ಲ ಒಳಗಿನ ಸುರುಳಿಗೆರೆಗಳು ಮಿಂಚತೊಡಗಿದವು. ಸಬೀಹಾ ಕೆಮ್ಮಿದಳು. ಇನ್ನೊಂದು ಸಲ ಎಳೆದ. ಮತ್ತೆ ಕೆಮ್ಮಿದಳು. ಸಂಜೆಗೆ ಅವಳ ಗಂಟಲಿಂದ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ದನಿ.

ಮರುದಿನ ಅವನು ಮೇಲಿನ ತುಕ್ಕನ್ನೂ ಉಜ್ಜಿ ತೆಗೆದು, ಹೊಳೆಯುವ ನಳಿಗೆಯನ್ನು ಬಿಳಿ ಬಟ್ಟೆಯಿಂದ ಒರೆಸಿದ. ಬಟ್ಟೆ ನೋಡಿದ. ಬಿಳಿಯಾಗಿಯೇ ಇತ್ತು. ಬ್ರಶ್ ನೋಡಿದ. ಅದರಲ್ಲೂ ಒಂದು ಕಲೆ ಇರಲಿಲ್ಲ. ಸೀಮೆಎಣ್ಣೆಯ ತಟ್ಟೆಯಲ್ಲಿ ತಳ ಕಾಣುತ್ತಿತ್ತು. ಇಷ್ಟು ವರ್ಷದ ತುಕ್ಕು ಬಿಟ್ಟಿದೆ. ಬಿಟ್ಟದ್ದು ಎಲ್ಲಿ?

ಓಡಿಹೋಗಿ ಸಬೀಹಾಳ ದಿಂಬು ಎತ್ತಿದ. ಕೆಂಗಂದು ಪುಡಿ. ಅವಳ ತಲೆಗೂದಲು ಮೂಸಿದ. ಹಳೇ ಕಬ್ಬಿಣದ ವಾಸನೆ.

ಡಬ್ಬಿಯ ಉಪ್ಪನ್ನೆಲ್ಲ ನೀರಲ್ಲಿ ಕದಡಿ ಕೋವಿಯ ಮೇಲೆ ಹೊಯ್ದ. ಕೆಸುವಿನೆಲೆಯ ಮೇಲೆ ಬಿದ್ದಂತೆ ನೀರು ಉರುಳಿ ಹೋಯಿತು. ಕೋವಿ ಮದುಮಗನಂತೆ ಹೊಳೆಯುತ್ತ ಕೂತಿತ್ತು.

ಬೈಕು ಶೆಟ್ಟಿಕೊಪ್ಪ ಮುಟ್ಟಿದಾಗ ನೀಲಾಂಬಿಕೆ ಜಗಲಿಯಲ್ಲೇ ಇದ್ದರು. ಅವನ ಮುಖ ನೋಡಿದರು.

"ಉಪ್ಪುನೀರು ಹತ್ತಿಲ್ಲ ಅಮ್ಮಾ."

"ಅದು ಇದ್ದ ತುಕ್ಕನ್ನ ಸಾಕೋದಕ್ಕೆ ಮಾರಾಯ. ಹೊಸದಾಗಿ ಹಿಡೀಬೇಕು ಅಂದ್ರೆ ಕಣ್ಣೀರೇ ಬೇಕು. ಹೋಗು. ಅದರ ಮೇಲೆ ಅಳು. ನಿಜವಾಗಿ ಅಳು."

ಅಳುವುದೇನು ದೊಡ್ಡ ಕೆಲಸ ಎಂದುಕೊಂಡು ನೌಶಾದ್ ವಾಪಸು ಬಂದ. ಮಂಚದ ಪಕ್ಕ ಕೂತು ಕೋವಿಯನ್ನು ಮಡಿಲಲ್ಲಿಟ್ಟುಕೊಂಡ. ಸಬೀಹಾಳ ಉಸಿರು ಗರಗರ ಕೊಯ್ಯುತ್ತಿತ್ತು. ಅವನ ಕಣ್ಣು ಮಾತ್ರ ಒಣಗಿಯೇ ಇತ್ತು. ಹೆದರಿಕೆ ಮೈಯ ನೀರನ್ನೆಲ್ಲ ಹೀರಿಬಿಟ್ಟಿತ್ತು. ತೀರಿಹೋದ ಅಮ್ಮನನ್ನು ನೆನೆದ. ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ. ಬರಲಿಲ್ಲ.

ಕೊನೆಗೆ ಅಡುಗೆಮನೆಗೆ ಓಡಿದ. ಈರುಳ್ಳಿ ತಂದ. ಕೋವಿಯ ಮೇಲೆಯೇ ಹೆಚ್ಚತೊಡಗಿದ. ಮೂಗು ಸುರಿಯಿತು, ಕಣ್ಣು ಸುರಿಯಿತು. ಹನಿ ನಳಿಗೆಯ ಮೇಲೆ ಬಿತ್ತು. ಉರುಳಿ ಹೋಯಿತು. ಇನ್ನೊಂದು ಹೆಚ್ಚಿದ. ಅದೂ ಉರುಳಿತು.

ಸಬೀಹಾ ಕಣ್ಣು ಬಿಟ್ಟಳು. ಮಡಿಲಲ್ಲಿ ಕೋವಿ, ಕೈಯಲ್ಲಿ ಚಾಕು, ಸುತ್ತ ಈರುಳ್ಳಿ ಸಿಪ್ಪೆ. ಗಂಡನನ್ನು ದಿಟ್ಟಿಸಿದಳು.

"ರೀ," ಎಂದಳು ತುಕ್ಕಿನ ದನಿಯಲ್ಲಿ. "ಅದು... ಶುಕ್ರವಾರದ ಬಿರಿಯಾನಿಗೆ ಇಟ್ಟಿದ್ದು."

ಹೇಳಿ ನಕ್ಕಳು. ಕಿರಕಿರ ನಕ್ಕಳು. ನಗು ಅರ್ಧಕ್ಕೆ ಸಿಕ್ಕಿಕೊಂಡಿತು. ಎದೆ ಮೇಲೆದ್ದಿತು. ಕೆಳಗಿಳಿಯಲಿಲ್ಲ. ಕಣ್ಣಲ್ಲಿ ಇನ್ನೂ ನಗು ಇತ್ತು. ನೌಶಾದ್ ಹೆಗಲು ಹಿಡಿದು ಅಲುಗಿಸಿದ. ಹೆಸರು ಕೂಗಿದ. ಇನ್ನೊಮ್ಮೆ ಕೂಗಿದ. ಗೋಡೆಯಾಚೆ ಮಷೀನು ಸುಮ್ಮನಿತ್ತು. ಮನೆಯೇ ಸುಮ್ಮನಿತ್ತು.

ಆಗ ಬಂತು ಅಳು.

ಹೊಟ್ಟೆಯ ಬುಡದಿಂದ ಕಿತ್ತು ಬಂತು. ಕೋವಿಯ ಮೇಲೆ ಬೋರಲು ಬಿದ್ದು ಅತ್ತ. ಹನಿ ಬಿದ್ದಲ್ಲಿ ಕಂದು ಚುಕ್ಕೆ ಎದ್ದಿತು. ಚುಕ್ಕೆ ಹರಡಿತು. ನಳಿಗೆ ಮುಚ್ಚಿತು. ಲಿವರ್ ಕಿರ್ರೆಂದು ಬಿಗಿದು ನಿಂತಿತು. ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಸುತ್ತಲಿನ ಯಾವ ಗುಜರಿಯಲ್ಲೂ ಅಂಥ ತುಕ್ಕು ಸಿಗಲಾರದು.

ಬೆಳಗ್ಗೆ ಅಕ್ಕನ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸಿ ಹೊರಬಂದ ಇಶ್ರತ್, ಬಾಗಿಲ ಬಳಿ ಕೂತಿದ್ದ ಭಾವನ ಪಕ್ಕ ಕುಸಿದಳು.

"ಅಕ್ಕನ ಕೈ ತಾನೇ ಬಿಚ್ಕೊಂಡ್ತು ಭಾವಾ," ಎಂದಳು. "ಸ್ವಲ್ಪನೂ ಬಿಗಿ ಇರ್ಲಿಲ್ಲ. ಎಬ್ಬಿಸಿದ್ರೆ ಎದ್ದು ಹೊಲಿಯಕ್ಕೆ ಕೂರೋ ಹಾಗಿದ್ಲು."