ಸುಣ್ಣದ ಬಾಣ

2026ರ ಜನವರಿ 3, ಶನಿವಾರ. ಬೆಳಿಗ್ಗೆ 11.25ಕ್ಕೆ ಅನೂಪ ಎಂಬ ಪ್ರವಾಸಿ ಒದ್ದೆ ಬಟ್ಟೆಯಲ್ಲೇ ಠಾಣೆಗೆ ಬಂದ. ಕೂರಿ ಎಂದರೂ ಕೂರದೆ, ನಿಂತೇ ದೂರು ಹೇಳಿದ. ರಜೆಗೆಂದು ಮೈಸೂರಿನಿಂದ ಬಂದ ಅವನೂ ಹೆಂಡತಿ ಸ್ಮೃತಿಯೂ ಅಘನಾಶಿನಿ ಹತ್ತಿರದ ಗುಡ್ಡದಲ್ಲಿ ಕಡಲಂಚಿನ ಚಾರಣಕ್ಕೆ ಹೋಗಿದ್ದರು. ಬಂಡೆಗಳ ಮೇಲೆ ಬರೆದ ಬಿಳಿ ಬಾಣ ನೋಡಿಕೊಂಡು ನಡೆದರೆ, ಅದು ಅವರನ್ನು ನೀರಂಚಿನ ಕಲ್ಲುರಾಶಿಗೆ ಇಳಿಸಿತು. ಮುಂದೆ ದಾರಿಯಿಲ್ಲ, ಹಿಂದೆ ನೀರು ಏರಿದೆ. ತೆರೆ ಬಡಿದು ಸ್ಮೃತಿಯ ತೊಡೆಮೂಳೆ ಮುರಿಯಿತು. ಮೀನು ದೋಣಿಯವರು ಎಳೆದು ಹಾಕಿಕೊಳ್ಳುವಷ್ಟರಲ್ಲಿ ಅವಳಿಗೆ ಎಚ್ಚರವಿರಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾಳೆ, ಬದುಕುವ ಭರವಸೆಯನ್ನು ವೈದ್ಯರು ಕೊಟ್ಟಿಲ್ಲ.

"ದಾರಿ ತಪ್ಪಿದಿರಿ ಅಷ್ಟೇ ಅಲ್ವಾ?" ಎಂದು ಇನ್ಸ್‌ಪೆಕ್ಟರ್ ಶ್ರೀಧರ ಕೇಳಿದ.

"ಹೋದ ವರ್ಷ ಗೆಳೆಯರು ತೆಗೆದ ವೀಡಿಯೊ ಇದೆ ಸರ್. ಇದೇ ಬಂಡೆ, ಬಾಣ ಗುಡ್ಡದ ಮೇಲಕ್ಕಿದೆ. ಯಾರೋ ತಿರುಗಿಸಿದ್ದಾರೆ."

ವೀಡಿಯೊ ನೋಡಿದ ಮೇಲೆ ಶ್ರೀಧರನೂ ಕೂರಲಿಲ್ಲ. 11.50ಕ್ಕೆ ಎಫ್‌ಐಆರ್ ದಾಖಲಾಯಿತು. ಹೊಸ ವರ್ಷದ ರಜೆ, ಗುಡ್ಡದ ತುಂಬ ಜನ. ಇನ್ನೆಷ್ಟು ಬಾಣ ತಿರುಗಿವೆಯೋ, ಇನ್ಯಾರು ಇಳಿಯುತ್ತಾರೋ ಎಂದು ದಾರಿಗೆ ಹಗ್ಗ ಕಟ್ಟಲು ಫೋನಿನಲ್ಲಿ ಹೇಳಿ, ಜೀಪು ಹತ್ತಿದ.

ಮಧ್ಯಾಹ್ನ 1.10ಕ್ಕೆ ಇಬ್ಬರು ಪಂಚರ ಮುಂದೆ ಪಂಚನಾಮೆ. ಹಳೆಯ ಬಾಣಗಳ ಮೇಲೆ ಕೆಮ್ಮಣ್ಣು ಮೆತ್ತಿತ್ತು, ಪಕ್ಕದಲ್ಲಿ ಹೊಸದಾಗಿ ಮೂರು. ಅಘನಾಶಿನಿಯಲ್ಲೇ ಹುಟ್ಟಿದ ಕಾನ್‌ಸ್ಟೇಬಲ್ ದಿವ್ಯಶ್ರೀ ಬೆರಳು ಒದ್ದೆ ಮಾಡಿ ಒಂದನ್ನು ಉಜ್ಜಿದಳು. ಬಿಳಿ ಬೆರಳಿಗೆ ಬಂತು.

"ಪೇಂಟ್ ಅಲ್ಲ ಸರ್. ಚಿಪ್ಪಿನ ಸುಣ್ಣ. ಅರೆಬೆಂದ ಚಿಪ್ಪಿನ ಚೂರು ಕಾಣ್ತದೆ, ನೋಡಿ."

"ಅಂಗಡೀಲಿ ಸಿಗ್ತದಾ?"

"ಅಂಗಡೀದು ನುಣ್ಣಗಿರ್ತದೆ. ಚಿಪ್ಪಿ ಸುಟ್ಟು ಸುಣ್ಣ ಮಾಡೋರು ಊರಲ್ಲಿ ಈಗ ಒಬ್ಬಳೇ. ತಿಮ್ಮಿ."

ತಿಮ್ಮಿಗೆ ಐವತ್ತೆರಡು. ನೀರಿಳಿದಾಗ ಹೊಳೆಯಲ್ಲಿ ಚಿಪ್ಪಿ ಆರಿಸಿ ಮಾರುವವಳು. 4.05ಕ್ಕೆ ಜೀಪು ಅಂಗಳಕ್ಕೆ ಬಂದಾಗ ಚಿಪ್ಪಿ ಬಿಡಿಸುತ್ತ ಕೂತಿದ್ದಳು. ಹಿತ್ತಲಲ್ಲಿ ಅರ್ಧ ಕೊಡ ಸುಣ್ಣ, ಅದರೊಳಗೇ ತೆಂಗಿನ ನಾರಿನ ಕುಂಚ. ಅಡಗಿಸುವ ಗೋಜಿಗೂ ಹೋಗಿರಲಿಲ್ಲ ಪುಣ್ಯಾತ್ಗಿತ್ತಿ. ಎರಡನ್ನೂ ಜಪ್ತಿ ಮಾಡಿದರು.

"ಬಾಣ ಬರ್ದವಳು ನೀನೇಯಾ?" ಶ್ರೀಧರ ಕೇಳಿದ.

"ಹೌದು. ಆ ಹುಡುಗಿ ಬದುಕ್ತದ್ಯಾ?"

"ಗೊತ್ತಿಲ್ಲ. ಯಾವಾಗ ಬರ್ದೆ?"

"ಗುರುವಾರ ಬೆಳಿಗ್ಗೆ."

"ಜನ ಸಾಯ್ಲಿ ಅಂತಾನಾ?"

"ಅಯ್ಯೋ, ನನ್ನ ಬಾಯಿಗೆ ಮಣ್ಣು ಬೀಳ್ಲಿ!" ತಿಮ್ಮಿ ಎದ್ದು ನಿಂತಳು. "ಮುಂದೆ ದಾರಿ ಇಲ್ಲ ಅಂತ ಕಂಡ್ರೆ ತಿರುಗಿ ಹೋಗ್ತ್ರು ಅಂದ್ಕಂಡೆ. ಇವತ್ತು ಹುಣ್ಣಿಮೆ, ಹನ್ನೊಂದಕ್ಕೆ ಕಡಲಿಗೆ ಭರತ, ತುಂಬು ನೀರು. ನೀರು ಏರೂದು ಕಣ್ಣಿಗೆ ಕಾಣ್ತದಲ್ಲ! ಕಂಡೂ ಅಲ್ಲೇ ನಿಂತು ಫೋಟೋ ಹೊಡೀತ್ರು ಅಂತ ನಂಗೆಂತ ಗೊತ್ತು?"

ಕಡಲನ್ನು ನೋಡಿ ಓದಲು ಬಾರದ ಮನುಷ್ಯರೂ ಇರುತ್ತಾರೆಂದು ಆ ಊರಲ್ಲಿ ಯಾರಿಗೂ ಹೊಳೆಯುವುದಿಲ್ಲ. ಹೆಣ್ಣುಮಕ್ಕಳನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ಶ್ರೀಧರ ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದ.

"ಅವರು ಮೇಲೆ ಹೋದ್ರೆ ನಿಂಗೆಂತ ತೊಂದರೆ?"

"ಮೇಲಿನ ದಾರಿ ಕೆಳಗೇ ಇರೂದು ನಮ್ಮ ಮರೆ. ಚಿಪ್ಪಿ ತೆಗ್ದು ಬಂದ ಹೆಂಗಸ್ರು ಒದ್ದೆ ಸೀರೆ ಬದಲ್ಸೂದು ಅಲ್ಲೇ, ನನ್ನ ಅಜ್ಜಿ ಕಾಲದಿಂದ್ಲೂ. ಸೆಪ್ಟೆಂಬರಲ್ಲಿ ಯಾರೋ ಮೇಲಿಂದ ನನ್ನ ಮಗಳ ವೀಡಿಯೊ ತೆಗ್ದು ಊರವರ ಮೊಬೈಲಿಗೆಲ್ಲ ಬಿಟ್ರು. ಧನ್ಯಶ್ರೀ ಅವತ್ತು ಒಳಗೆ ಹೋದವಳು ಈ ಹೊಸ್ತಿಲು ದಾಟಲಿಲ್ಲ. ನಾಲ್ಕು ತಿಂಗಳಾತು."

"ಠಾಣೆಗೆ ಯಾಕೆ ಬರ್ಲಿಲ್ಲ?"

"ಬಂದಿದ್ದೆ. ಎರಡು ಸಲ. ವೀಡಿಯೊ ತೋರ್ಸು, ಇಲ್ಲದಿದ್ರೆ ಕೇಸಿಲ್ಲ ಅಂದ್ರು. ಆರು ಗಂಡಸ್ರು ಕೂತಲ್ಲಿ ಮಗಳನ್ನ ಹ್ಯಾಂಗೆ ತೋರ್ಸಲಿ, ಹೇಳಿ?"

ಆ ಆರು ಜನರಲ್ಲಿ ತಾನೂ ಒಬ್ಬನಾಗಿದ್ದೆನೆಂಬುದು ಶ್ರೀಧರನಿಗೆ ಈಗ ನೆನಪಾಯಿತು. ತಿಮ್ಮಿಯ ಅರ್ಜಿಯ ಮೂಲೆಯಲ್ಲಿ 'ಸಾಕ್ಷ್ಯವಿಲ್ಲ, ಮುಕ್ತಾಯ' ಎಂದು ಬರೆದು ಸಹಿ ಹಾಕಿದ್ದೂ ಅವನೇ.

5.35ಕ್ಕೆ ದಿವ್ಯಶ್ರೀ ತಿಮ್ಮಿಯನ್ನು ಬಂಧಿಸಿದಳು. ಬಂಧನದ ಕಾರಣ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡಳು. ಆಗಲೇ ಆಸ್ಪತ್ರೆಯಿಂದ ಫೋನ್ ಬಂತು. ಸ್ಮೃತಿಗೆ ಎಚ್ಚರವಾಗಿದೆ, ಜೀವಕ್ಕೆ ಭಯವಿಲ್ಲ. ತಿಮ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಜೀಪು ಶುರುವಾಗುವ ಹೊತ್ತಿಗೆ ಬಾಗಿಲು ತೆರೆಯಿತು. ಧನ್ಯಶ್ರೀ ಹೊರಗೆ ಬಂದು, ಬೇಲಿಯಾಚೆ ಕೂಡಿದ್ದ ಜನರ ಮುಂದೆಯೇ ಅಂಗಳ ದಾಟಿ ಬಂದಳು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ಮೊಬೈಲನ್ನು ದಿವ್ಯಶ್ರೀಗೆ ಕೊಟ್ಟಳು.

"ವೀಡಿಯೊ ಇದ್ರಲ್ಲಿ ಅದೆ. ಆಯಿ ತೋರ್ಸಲಿಲ್ಲ, ನಾ ತೋರ್ಸ್ತೆ. ನನ್ನ ದೂರೂ ಬರ್ಕಳ್ಳಿ."

ಶ್ರೀಧರ ಜೀಪಿನಿಂದ ಇಳಿದು ತನ್ನ ಜಾಗ ಅವಳಿಗೆ ಬಿಟ್ಟುಕೊಟ್ಟ. ಠಾಣೆಗೆ ಫೋನ್ ಮಾಡಿ, ಗಂಡಸರೆಲ್ಲ ಹೊರಗೆ ನಿಲ್ಲಿ ಎಂದ.